ಬಿಡದ ಬೆರಳು

ದೋಣಿ ನಡೆಸಲು ಬಾರದ ನಾನು ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಯಾರುನ್ ಸರೋವರದ ದೋಣಿ ಪಂದ್ಯ. ಹೊರಡುವ ಗೆರೆಯಲ್ಲಿ ದೀಪ ಹಸಿರಾಗುವವರೆಗೆ ದೋಣಿಗಳನ್ನು ಒಬ್ಬೊಬ್ಬರು ಹಿಂದಿನಿಂದ ಹಿಡಿದಿರಬೇಕು. ದುಬ್ರಾವ್ಕಾ ಕಟ್ಟೆಯ ಮೇಲೆ ಬೋರಲು ಮಲಗಿ ತಿಹಾನಾಳ ದೋಣಿಯನ್ನು ಹಿಡಿದಿದ್ದಳು. ಅವರ ದೋಣಿ ಕ್ಲಬ್ಬಿನ ಆಟಗಾರರಿಗೆ ಆಹಾರ ಕೈಪಿಡಿ ಬರೆದವಳೂ ಅವಳೇ.

ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರುವುದರಿಂದ ಇಬ್ಬರೂ ಎದುರುಬದುರಾಗಿದ್ದರು. ತಿಹಾನಾಳ ತುಟಿ ಬಿಳಿಚಿತ್ತು. "ನಿಮ್ಮ ಬೀಟ್‌ರೂಟ್ ರಸ, ಅಡಿಗೆ ಸೋಡಾ ಎಲ್ಲ ಕುಡಿದೆ ಅಕ್ಕ, ಸುಸ್ತಾಗಲ್ಲ ಅಂತ ಬರೆದಿದ್ರಲ್ಲ. ಥೂ, ಸಾಬೂನು ನೀರು. ಗೆದ್ದರೆ ರಾಷ್ಟ್ರ ತಂಡ ಅಂತ ಕಣ್ಮುಚ್ಚಿ ಕುಡಿದೆ. ನೀವು ಕುಡಿದಾಗ ಹೊಟ್ಟೆ ತೊಳೆಸೋದು ಯಾವಾಗ ನಿಲ್ತು?"

ದುಬ್ರಾವ್ಕಾ ಅದನ್ನು ಎಂದೂ ಕುಡಿದಿರಲಿಲ್ಲ. ಇನ್ನೊಂದು ಕೈಪಿಡಿಯಿಂದ ಎತ್ತಿ ಬರೆದಿದ್ದಳು. ಈಗ ನಿಜ ಹೇಳಿದರೆ ಹುಡುಗಿಯ ಧೈರ್ಯವೂ ಹೋಗುತ್ತದೆ.

"ಈಗ ನಿಲ್ಲುತ್ತೆ ಕಣೇ."

ದೀಪ ಹಸಿರಾಯಿತು. ಉಳಿದ ದೋಣಿಗಳೆಲ್ಲ ಹೊರಟವು. "ಅಕ್ಕ, ಬಿಡಿ," ಎಂದಳು ತಿಹಾನಾ. ದುಬ್ರಾವ್ಕಾಳ ಬೆರಳು ಬಿಚ್ಚಲಿಲ್ಲ. ಅದು ಭಯಕ್ಕೋ, ಹುಡುಗಿಯನ್ನು ತಡೆಯಬೇಕೆಂದೋ, ನನಗೆ ಗೊತ್ತಿಲ್ಲ.