ನಲವತ್ತೊಂದು ಪುಟದ ಒಪ್ಪಿಗೆ

ಹನ್ನೊಂದು ನಿಮಿಷ ಕಳೆದರೂ ದೊಡ್ಡಪ್ಪ ಎರಡನೆಯ ಪರದೆ ದಾಟದೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಗಾಜಿನ ಗೋಡೆಯ ಈಚೆ ಅವರ ತಮ್ಮನ ಮಗಳು ಉಗುರು ಕಚ್ಚುತ್ತಿದ್ದಳು. ಪಕ್ಕದಲ್ಲಿ ಅವಳ ಮ್ಯಾನೇಜರ್ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು.

ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವುದನ್ನು ಸಾಮಾನ್ಯರಿಗೂ ಸಲೀಸು ಮಾಡುವುದು ಅವಳ ಕೆಲಸ. ಎಂಟು ತಿಂಗಳು ತಲೆ ಕೆಡಿಸಿಕೊಂಡು ಹದಿನೇಳು ಪರದೆಗಳನ್ನು ಐದಕ್ಕೆ ಇಳಿಸಿದ್ದಳು. 'ಪಾರ್ಟಿಷನ್'ನಂಥ ತಾಂತ್ರಿಕ ಪದಗಳಿಗೆ ಗೇಟ್‌ಪಾಸ್ ಕೊಟ್ಟಿದ್ದಳು. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಐವರು ತಲಾ ಇಪ್ಪತ್ತು ನಿಮಿಷದೊಳಗೆ ಮುಗಿಸಿದರೆ ಅವಳ ಈ ಹೊಸ ವಿಧಾನ ಜನರ ಕೈಗೆ ಹೋಗುತ್ತದೆ. ಒಬ್ಬರು ತಪ್ಪಿದರೂ ಹಳೆಯದೇ ಗತಿ. ನಾಲ್ವರು ಮುಗಿಸಿದ್ದರು. ಐದನೆಯವರು ಜ್ವರ ಬಂದು ಮಲಗಿದ್ದರಿಂದ ಬೆಳಿಗ್ಗೆ ದೊಡ್ಡಪ್ಪನನ್ನು ಎಳೆದು ತಂದಿದ್ದಳು. ಅವರು ನೋಂದಣಿ ಕಚೇರಿಯ ಎದುರು ಮೂವತ್ನಾಲ್ಕು ವರ್ಷ ಕ್ರಯಪತ್ರ ಬರೆದವರು.

"ಏನಾಗಿದೆ ಅಲ್ಲಿ? ಬಟನ್ ಕಾಣ್ತಿಲ್ವಾ ಅವರಿಗೆ?" ಎಂದರು ಮ್ಯಾನೇಜರ್.

"ಕಾಣ್ತಿದೆ ಸರ್. ಓದ್ತಾ ಇದ್ದಾರೆ."

"ಏನನ್ನ?"

"ಒಪ್ಪಂದಾನ."

"ಅದನ್ನ ಯಾರಾದ್ರೂ ಓದ್ತಾರಾ?"

ಪರೀಕ್ಷೆಯ ನಿಯಮದಂತೆ ಒಳಗೆ ಹೋಗುವಂತಿಲ್ಲ, ಸನ್ನೆ ಮಾಡುವಂತೆಯೂ ಇಲ್ಲ. ದೊಡ್ಡಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ದಾಟುತ್ತಿದ್ದರು. ಒಮ್ಮೆ ಹುಬ್ಬೇರಿಸಿದರು. ಇನ್ನೊಮ್ಮೆ ಹಿಂದಕ್ಕೆ ಹೋಗಿ ಮೊದಲ ಪುಟವನ್ನೇ ಮತ್ತೆ ತೆರೆದರು. ಇಪ್ಪತ್ತು ನಿಮಿಷ ಮುಗಿದಾಗ ಅವರು ಹದಿನಾಲ್ಕನೆಯ ಪುಟದಲ್ಲಿದ್ದರು. ಒಟ್ಟು ಪುಟ ನಲವತ್ತೊಂದು.

ಮ್ಯಾನೇಜರ್ ವಾಚು ನಿಲ್ಲಿಸಿ ಬಾಗಿಲು ತಳ್ಳಿದರು. ಅವಳು ಹಿಂದೆಯೇ ಹೋದಳು.

"ಯಜಮಾನರೇ, ಕೆಳಗಡೆ 'ಒಪ್ಪಿದ್ದೇನೆ' ಅಂತ ಇದೆಯಲ್ಲ, ಅದನ್ನ ಒತ್ತಿದ್ರೆ ಆಗ್ತಿತ್ತು."

"'ಓದಿ, ಅರ್ಥ ಮಾಡಿಕೊಂಡು, ಒಪ್ಪಿದ್ದೇನೆ' ಅಂತ ಇದೆ," ಎಂದರು ದೊಡ್ಡಪ್ಪ. "ಮೂರು ಕೆಲಸ. ಮೊದಲನೇದೇ ಮುಗಿದಿಲ್ಲ. ಅಂದಹಾಗೆ ಒಂಬತ್ತನೇ ಕಲಮು ನೋಡಿದ್ರಾ? ಈ ಸಿಸ್ಟಂ ಯಾವ ಕೆಲಸಕ್ಕಾದ್ರೂ ಬರುತ್ತೆ ಅಂತ ಕಂಪನಿ ಭರವಸೆ ಕೊಡೋದಿಲ್ವಂತೆ. ಮನೆ ಮಾರೋನು ಹೀಗೆ ಬರೆಸಿದ್ದಿದ್ರೆ, ಕೊಳ್ಳೋನು ನನ್ನ ಮೇಜಿಂದ ಎದ್ದು ಚಪ್ಪಲಿ ಹುಡುಕ್ತಿದ್ದ."

"ಅದು ಎಲ್ಲ ಕಡೆ ಇರೋದೇ."

"ನೀವು ಓದಿದ್ದೀರಾ?"

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಓದಿದ್ದೇನೆ ಅಂತ ಟಿಕ್ ಹಾಕಿದ್ದೇನೆ."

ದೊಡ್ಡಪ್ಪ ತಮ್ಮನ ಮಗಳ ಕಡೆ ತಿರುಗಿದರು. "ಮೊದಲನೇ ಪರದೆ ನೀನೇ ಬರೆದದ್ದು, ಗೊತ್ತಾಗುತ್ತೆ ಪುಟ್ಟಿ. ಎದುರು ಕೂತು ಹೇಳಿದ ಹಾಗಿದೆ. ನಾನು ಸಹಿ ಹಾಕೋ ಜಾಗ ಬಂದ ತಕ್ಷಣ ಯಾಕಮ್ಮ ಎದ್ದು ಹೋದೆ?"

ಅವಳು ಆ ಒಪ್ಪಂದವನ್ನು ಹಳೆಯದರಿಂದ ಇದ್ದ ಹಾಗೇ ಎತ್ತಿ ಇಟ್ಟಿದ್ದಳು. ಕೈಯಲ್ಲಿದ್ದ ಹಾಳೆ ನೋಡಿದಳು. ಈ ಪರದೆಗೆ ಉಳಿದ ನಾಲ್ವರು ತೆಗೆದುಕೊಂಡ ಸಮಯ: ಎರಡು ಸೆಕೆಂಡು, ಮೂರು, ಎರಡು, ಒಂದು. ಮುಂದೆ ಅವಳದೇ ಅಕ್ಷರದಲ್ಲಿ, 'ತೊಂದರೆ ಇಲ್ಲ.'

"ಹಳೇದರಲ್ಲೂ ಇದೇ ಇದೆಯಾ?" ಮ್ಯಾನೇಜರ್ ಕೇಳಿದರು.

"ಅಕ್ಷರವೂ ಬದಲಾಗಿಲ್ಲ ಸರ್."

"ಹಾಗಾದ್ರೆ ಹಳೇದೂ ಫೇಲೇ." ಅವರು ವಾಚನ್ನು ಜೇಬಿಗೆ ಹಾಕಿಕೊಂಡರು. "ನಿಮ್ಮ ಹೊಸದೇ ಜನರ ಕೈಗೆ ಹೋಗಲಿ. ಇದನ್ನ ಒಂದು ಪುಟಕ್ಕೆ ಇಳಿಸೋಕೆ ಎಷ್ಟು ದಿನ ಬೇಕು?"

"ಮೊದಲು ಓದೋಕೆ ಎಷ್ಟು ದಿನ ಬೇಕೋ ನೋಡ್ಬೇಕು ಸರ್."

ಅವಳು ಕುರ್ಚಿ ಎಳೆದುಕೊಂಡಳು. ದೊಡ್ಡಪ್ಪ ಸರಿದು ಜಾಗ ಕೊಟ್ಟರು. ಮ್ಯಾನೇಜರ್ ಕೆಲಸವಿದೆ ಎಂದು ಬಾಗಿಲವರೆಗೆ ಹೋದವರು, ಹೋಗಲಾರದೆ ಮರಳಿ ಬಂದು ಇಬ್ಬರ ಬೆನ್ನ ಹಿಂದೆ ಬಗ್ಗಿ ನಿಂತರು. ಹದಿನೈದನೆಯ ಪುಟ ಮುಗಿಸಿ ದೊಡ್ಡಪ್ಪ ಮುಂದಕ್ಕೆ ಹೋಗಲಿದ್ದಾಗ ಅವರ ಭುಜದ ಮೇಲೆ ಒಂದು ಕೈ ಬಿತ್ತು.

"ತಡೀರಿ ಯಜಮಾನರೇ, ಪುಟ ತಿರುಗಿಸ್ಬೇಡಿ. ಇದಕ್ಕೂ ನಾನು ಒಪ್ಪಿದ್ದೀನಾ?"