ಒಂದು ಉದ್ಧರಣೆ ನೀರು

ಚಂದ್ರನ ಮೇಲಿನ ಊರೊಂದರಲ್ಲಿ ಗಣಿ ಕುಸಿದು ಮಗಳು ಇಂದುಮತಿ ತೀರಿಕೊಂಡಳೆಂದು ತಿಳಿದ ದಿನ, ಅದೇ ಊರಿನ ನಂಜಮ್ಮಣ್ಣಿಯವರ ಮನೆಯಲ್ಲಿ ನೀರು ಮುಗಿದಿತ್ತು. ಮನೆಯ ನೀರಿನ ಯಂತ್ರ ತನ್ನೊಳಗೆ ಸುರಿದ ಬಳಸಿದ ನೀರನ್ನಷ್ಟೇ ಶುದ್ಧಮಾಡಿ ಹಿಂದಿರುಗಿಸುತ್ತಿತ್ತು.

“ಮಗಳಿಗೆ ನೀರು ಬಿಡೋದು ನಾಳೆಗಿರಲಿ, ಅಮ್ಮಾ,” ಎಂದಳು ಪಕ್ಕದ ಮನೆಯ ಪಂಕಜ.

ಅಷ್ಟರಲ್ಲಿ ಮಡಿಲಲ್ಲಿದ್ದ ಇಂದುಮತಿಯ ಕೂಸು ಮೂಗು ಸೊಟ್ಟಮಾಡಿ ಮೈ ಮುರಿಯಿತು. ಉಚ್ಚೆಯನ್ನು ಬಟ್ಟೆ ಹೀರಿದರೆ ಆ ನೀರೂ ಹೋದಂತೆಯೇ. ದಣಿದ ಅಜ್ಜಿ ಕಾಲು ಚಾಚಿ, ಮಗುವನ್ನು ಪಾದಗಳ ಮೇಲೆ ಕೂರಿಸಿ, ಬಟ್ಟಲು ಹಿಡಿದು “ಸ್ಸ್ಸ್” ಎಂದರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಬಟ್ಟಲಲ್ಲಿದ್ದುದನ್ನು ಯಂತ್ರಕ್ಕೆ ಸುರಿದರು.

“ಈ ಉಚ್ಚೆ ನೀರನ್ನೇ ಬಿಡ್ತೀರಾ?” ಎಂದಳು ಪಂಕಜ.

“ಈ ಊರಿನ ತೀರ್ಥವೂ ಇದೇ ಅಲ್ಲವೇನೇ?”

ಯಂತ್ರ ಕೊಟ್ಟ ಒಂದು ಉದ್ಧರಣೆ ತಿಳಿನೀರನ್ನು ಮಗುವಿನ ಅಂಗೈ ಮೇಲಿಂದ ಹರಿಯಬಿಟ್ಟು, ಅಜ್ಜಿ ಕಣ್ಣು ಮುಚ್ಚಿದರು. “ಸ್ವಾಮಿ, ನನ್ನ ಮಗಳು ದಣಿದಿದ್ದಾಳೆ. ನಿನ್ನ ಪಾದದಲ್ಲಿ ಅವಳಿಗೆ ಶಾಂತಿ ಕೊಡಪ್ಪ.”