ಡೈರಿಯೊಳಗಿನ ಪತ್ರ

ಕಾಲೇಜಿನಿಂದ ಬಂದ ಪತ್ರ ಮೂರು ದಿನದಿಂದ ನನ್ನ ಡೈರಿಯೊಳಗೇ ಇತ್ತು. ಅಪ್ಪನಿಗೆ ಹೇಗೆ ಹೇಳಲಿ ಎಂಬುದೇ ನನ್ನ ಚಿಂತೆ.

ಬಾಡಿಗೆಯ ಕ್ಯಾರವಾನ್ ಆ ಹಳೆಯ ಕಾಲೇಜಿನ ಮುಂದೆ ನಿಂತಿತು.

"ನೋಡವಾ, ನೂರು ವರ್ಷದ ಕಟ್ಟಡ! ನಿನ್ನ ಎಂ.ಎ. ಇಲ್ಲೇ ಆಗಬೇಕ್ ನೋಡು," ಎಂದ ಅಪ್ಪ.

ಗಾಡಿಯೊಳಗಿನ ಒಲೆಯ ಮುಂದೆ ಅವ್ವ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಪ್ರವಾಸಕ್ಕೂ ಅಡುಗೆಮನೆ ಅವಳ ಬೆನ್ನು ಹತ್ತಿತ್ತು. "ನಾನೂ ಬರ್ಲೇನ್ರಿ?" ಎಂದಳು.

"ನಿನ್ನ ಬಿ.ಎ. ಮುಗದು ಇಪ್ಪತ್ತೈದು ವರ್ಷಾತು. ಈಗೇನ್ ನೋಡ್ತಿ ಕಾಲೇಜು? ಬಿಸಿ ಉಪ್ಪಿಟ್ಟು ಮಾಡಿಡು, ಹಸಗೊಂಡು ಬರ್ತೀವಿ."

ಗೇಟಿನಲ್ಲಿ ನಿಂತು ಡೈರಿಯೊಳಗಿನ ಪತ್ರ ತೆಗೆದೆ.

"ಯಾಕವಾ, ಸಪ್ಪಗಾದಿ? ಸೀಟು ಸಿಗಲಿಲ್ಲೇನು?"

"ಸಿಕ್ಕೈತಿ," ಎಂದು ಪತ್ರವನ್ನು ಅವನ ಕೈಗಿಟ್ಟೆ. "ಆದ್ರ ಅರ್ಜಿ ಹಾಕಿದಾಕಿ ನಾ ಅಲ್ಲಪ್ಪಾ, ಅವ್ವ."